ಸಾವಿನ ಸಂಧಿಗೆ ಮುಚ್ಚಬಾರದ ಪುಸ್ತಕ

ಮೂರನೆಯ ಪುಸ್ತಕದಲ್ಲಿ ಇನ್ನು ಹನ್ನೊಂದು ಪುಟ ಉಳಿದಿದ್ದವು. ಕೊನೆಗೆ ಏನಾಗುತ್ತದೆಂಬುದು ಅನುಪಮಾಳಿಗೆ ಗೊತ್ತಿತ್ತು. ಮಧ್ಯಾಹ್ನ ಅನ್ನಕ್ಕೆ ಎಸರಿಟ್ಟು ಬಂದವಳು, ತಡೆಯಲಾರದೆ ಕಡೆಯ ಹಾಳೆ ನೋಡಿಬಿಟ್ಟಿದ್ದಳು. ಇನ್‌ಸ್ಪೆಕ್ಟರ್ ದೇವಿಕಾ ಸಾಯುತ್ತಾಳೆ.

ಎದುರಿಗೆ ಕಂಬಕ್ಕೆ ಬೆನ್ನು ಕೊಟ್ಟು ಅತ್ತೆ ಪೀರಮ್ಮ ಕೂತಿದ್ದಳು. ಅಕ್ಷರ ಬಾರದು, ಆದರೆ ತವರೂರು ಸಂತೆಕಲ್ಲೂರಿನಲ್ಲಿ ಶ್ರಾವಣದ ಪುರಾಣವನ್ನು ಸಂಧಿ ಸಂಧಿಯಾಗಿ, ಅಧ್ಯಾಯಕ್ಕೆ ಅಧ್ಯಾಯ ಕೇಳುತ್ತಲೇ ಬೆಳೆದ ಕಿವಿ. ಅವಳ ಮಗಳು ಪಂಪಾವತಿ ಸಿಂಧನೂರಿನಲ್ಲಿ ಪೊಲೀಸ್ ಪೇದೆ. ಈ ಮೂರು ಪತ್ತೇದಾರಿ ಪುಸ್ತಕಗಳನ್ನು ಮಸ್ಕಿಯ ಮನೆಗೆ ತಂದಿಟ್ಟವಳು ಅವಳೇ, ಓದಲು ಪುರುಸೊತ್ತು ಸಿಗದವಳೂ ಅವಳೇ. ಸೊಸೆ ಓದಿದಳು, ಅತ್ತೆ ಕೇಳಿದಳು, ಕೇಳಿದ್ದನ್ನು ಮಗಳಿಗೆ ಫೋನಿನಲ್ಲಿ ಹೇಳಿದಳು. ಎರಡು ಪುಸ್ತಕ ಮುಗಿಯುವಷ್ಟರಲ್ಲಿ ದೇವಿಕಾ ‘ನಮ್ಮ ದೇವಕ್ಕ’ ಆಗಿದ್ದಳು, ಮಗಳ ಓರಗೆಯವಳು.

ಬೆಳಿಗ್ಗೆ ಪಂಪಾವತಿ ಆರೋಪಿಯೊಬ್ಬನನ್ನು ಲಿಂಗಸುಗೂರು ಕೋರ್ಟಿಗೆ ಕರೆದೊಯ್ದಿದ್ದಳು. ಮೂರಕ್ಕೆಲ್ಲ ಮಸ್ಕಿಯಲ್ಲಿ ಇಳಿದು ಊಟ ಮಾಡುತ್ತೇನೆ ಎಂದಿದ್ದಳು. ಈಗ ಐದಾಯಿತು. ಫೋನು ಬಂದ್.

“ಓದವ್ವಾ,” ಎಂದಳು ಪೀರಮ್ಮ. “ಕೊಂದಾವ ಯಾವನರ ಇರ್ಲಿ. ನಮ್ಮ ದೇವಕ್ಕ ಮನೀಗಿ ಬರ್ತಾಳೋ ಇಲ್ಲೋ, ಅಷ್ಟ ಹೇಳು.”

“ನಾಳಿ ಓದ್ತೀನ್ರಿ ಅತ್ತಿ. ಗಂಟಲು ಕಟ್ಟೈತಿ.”

“ಗುಂಡು ಬಡದು ಬಿದ್ದಾಳ, ಇಲ್ಲಿಗಿ ಬಿಟ್ಟು ಏಳ್ತಿ ಏನು? ಸಾವಿನ ಸಂಧಿಗಿ ಪುಸ್ತಕ ಮುಚ್ಚಬಾರದು. ಮುಚ್ಚಿದ್ರ ಆ ಸಾವು ಮನ್ಯಾಗ ಕುಂತುಬಿಡ್ತೈತಿ. ಯಾರರ ಹುಟ್ಟಬೇಕು, ಇಲ್ಲಾ ಒಂದು ಮದಿವಿ ಆಗಬೇಕು. ಅಲ್ಲೀತನಾ ಓದಬೇಕು.”

“ಇದು ಪುರಾಣ ಅಲ್ರಿ.”

“ಸಾವು ಇದ್ದಲ್ಲಿ ಎಲ್ಲಾ ಪುರಾಣನ.”

ಅನುಪಮಾ ಓದಿದಳು. ಕಲ್ಲುಗಣಿಯ ಕತ್ತಲು, ಮಣ್ಣಿಗಿಳಿಯುತ್ತಿದ್ದ ರಕ್ತ, ದೂರದಿಂದ ದೇವಿಕಾಳ ಹೆಸರು ಹಿಡಿದು ಕೂಗುವ ದನಿ. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದಾಗೆಲ್ಲ ಪೀರಮ್ಮ ಕೈ ಎತ್ತಿ ಓದು ನಿಲ್ಲಿಸುವಳು. ಬಾಗಿಲಿಗೆ ಯಾರೂ ಬಾರದಿದ್ದಾಗ ಕೈ ಇಳಿಸುವಳು. ಕಡೆಯ ಹಾಳೆ ತಿರುವಬೇಕಾದಲ್ಲಿ ಅನುಪಮಾಳ ಬೆರಳು ನಿಂತಿತು.

“ಅಷ್ಟರಲ್ಲಿ ಆಂಬುಲೆನ್ಸ್ ಬಂತು,” ಎಂದು ದನಿ ಏರಿಸಿದಳು. “ದೇವಿಕಾ ಮೆಲ್ಲಗೆ ಕಣ್ಣು ತೆರೆದಳು. ವಾರದಲ್ಲಿ ಮನೆಗೆ ಬಂದಳು. ಮುಂದೆ ಅವಳ ಮದುವೆಯೂ ಆಯಿತು.”

ಪುಸ್ತಕ ಮುಚ್ಚಲು ಹೋದಳು. ಅತ್ತೆಯ ಅಂಗೈ ಅಡ್ಡ ಬಂತು.

“ಹಾಳಿ ತಿರುವಲಿಲ್ಲ ನೀ.”

“ಈ ಹಾಳ್ಯಾಗ ಇತ್ರೀ...”

“ಆಸ್ಪತ್ರಿ, ಮನಿ, ಮದಿವಿ, ಎಲ್ಲಾ ಮೂರು ಸಾಲಿನ್ಯಾಗ? ನನಗ ಅಕ್ಷರ ಬರಂಗಿಲ್ಲ ಖರೆ. ಐವತ್ತು ವರ್ಷ ಓದೋರ ಕೈ ನೋಡೀನಿ. ಮದಿವಿ ಅಂದ್ರ ಹಂದ್ರ ಹಾಕೂದಕ್ಕ ನಾಕು ಹಾಳಿ ಬೇಕು. ಇದ್ದದ್ದು ಓದು.”

ಅನುಪಮಾ ಹಾಳೆ ತಿರುವಿದಳು. ನಾಲ್ಕೇ ಸಾಲು. ಓದಿದಳು. ದೇವಿಕಾ ಸತ್ತಳು. ಕೆಳಗೆ ಬರಿಯ ಬಿಳಿ ಕಾಗದ.

“ಮುಂದ?”

“ಇಲ್ರಿ.”

“ನಾಕನೇ ಪುಸ್ತಕ?”

“ಮೂರಕ್ಕ ಮುಗೀತ್ರಿ.”

ಪೀರಮ್ಮನ ತುಟಿಗಳು ಶಿವನಾಮ ಹಿಡಿದವು. ಅಂಗೈಯನ್ನು ತೆರೆದ ಹಾಳೆಯ ಮೇಲೆ ಒತ್ತಿ ಹಿಡಿದಳು, ಗಾಳಿಗೆ ಅದೆಲ್ಲಿ ತಾನಾಗಿ ಮುಚ್ಚಿಕೊಂಡೀತೋ ಎಂಬಂತೆ.

ಫೋನು ಬಡಿಯಿತು. ಗುರುತಿಲ್ಲದ ನಂಬರು. ಅತ್ತೆ ಸೊಸೆ ಪರಸ್ಪರ ಮುಖ ನೋಡಿದರು. ಇಬ್ಬರ ಕೈಯೂ ಮುಂದೆ ಬರಲಿಲ್ಲ. ಇನ್ನೇನು ನಿಲ್ಲಬೇಕು ಎನ್ನುವಾಗ ಅನುಪಮಾ ಎತ್ತಿ, ಸ್ಪೀಕರ್ ಒತ್ತಿದಳು.

“ಅವ್ವಾ, ನಾ ಪಂಪಿ. ನನ್ನ ಫೋನ್ ಚಾರ್ಜ್ ಹೋಗೈತಿ, ಇದು ನಮ್ಮ ಸ್ಟೇಷನ್ನಿನವರದು. ಕೇಸು ಕರಿಯೋದು ತಡ ಆತು. ಈಗ ಲಿಂಗಸುಗೂರು ಬಸ್‌ಸ್ಟ್ಯಾಂಡಿಗಿ ಬಂದೀನಿ. ಅನ್ನ ಐತೇನು?”

“ಐತಿ ಬಾರವ್ವಾ,” ಎಂದಳು ಪೀರಮ್ಮ.

“ಪುಸ್ತಕ ಮುಗೀತೇನು? ದೇವಿಕಾ ಏನಾದ್ಲು? ನಂಗ ತಡಿಯಾಕ ಆಗವಲ್ದು, ಹೇಳಿಬಿಡು.”

ಪೀರಮ್ಮ ಅಂಗೈ ಕೆಳಗಿನ ಸಾಲುಗಳನ್ನು ನೋಡಿದಳು. ಸೊಸೆಯ ಕಡೆ ನೋಡಲಿಲ್ಲ.

“ಬದುಕ್ಯಾಳ,” ಎಂದಳು. “ಮದಿವೀನೂ ಆಗೈತಿ. ನೀ ಮೊದಲ ಬಸ್ಸು ಹತ್ತು.”

ಫೋನು ಇಟ್ಟರೂ ಹಾಳೆಯ ಮೇಲಿನ ಕೈ ತೆಗೆಯಲಿಲ್ಲ. ಲಿಂಗಸುಗೂರಿನಿಂದ ಇನ್ನೂ ಮುಕ್ಕಾಲು ತಾಸಿನ ದಾರಿ ಇತ್ತು.