ಮೈಸೂರು ರಸ್ತೆಯ ಮೆಕ್ಸಿಕೋ

ಅಂಜಿನಯ್ಯನ ಸ್ವಂತ ಮೀಸೆ ಬೋಳಿಸಿ ಅದೇ ಜಾಗಕ್ಕೆ ಸುಳ್ಳು ಮೀಸೆ ಅಂಟಿಸಿದ್ದರು. ಅವನ ಮೀಸೆ ಮೆಕ್ಸಿಕೋದವರ ಮೀಸೆಯ ಹಾಗಿರಲಿಲ್ಲವಂತೆ. ಮೈದಾ ಅಂಟು ಒಣಗಿ ತುಟಿಯ ಮೇಲೆಲ್ಲ ನವೆ. ಕೆರೆದುಕೊಳ್ಳುವ ಹಾಗಿಲ್ಲ. ಕೆರೆದರೆ ಮೀಸೆ ಕೈಗೆ ಬರುತ್ತದೆ. ಮೀಸೆ ಕೈಗೆ ಬಂದರೆ ಕೆರೆಯ ಮಣ್ಣು ಕೈತಪ್ಪುತ್ತದೆ.

ಹೆಂಡತಿ ಮುನಿತಾಯಮ್ಮನ ಪಾಡು ಇನ್ನೂ ಚಂದ. ಐದು ಹೆತ್ತು, ಇಬ್ಬರು ಮೊಮ್ಮಕ್ಕಳನ್ನು ಆಡಿಸುವ ಹೆಂಗಸಿಗೆ ಝಾಲರಿಯ ಕೆಂಪು ಲಂಗ ತೊಡಿಸಿ, ಮುಡಿಗೆ ಅಂಗೈಯಗಲದ ಕಾಗದದ ಹೂವು ಸಿಕ್ಕಿಸಿ ಮಡಕೆಗಳ ಮುಂದೆ ಕೂರಿಸಿದ್ದರು. ಗಂಡನ ಮುಖ ನೋಡಿದಾಗಲೆಲ್ಲ ನಗು ಒತ್ತರಿಸಿ ಬರುತ್ತಿತ್ತು. ಬಾಯಿಗೆ ಅಡ್ಡ ಹಿಡಿಯೋಣವೆಂದರೆ ಸೆರಗೂ ಇಲ್ಲ.

"ನಗಬ್ಯಾಡ ಕಣೇ," ಎಂದು ಅಂಜಿನಯ್ಯ ತುಟಿ ಅಲುಗಿಸದೆ ಪಿಸುಗುಟ್ಟಿದ. "ನೀ ನಕ್ರೆ ನಂಗೂ ಬತ್ತದೆ. ಮೀಸೆ ಬಿದ್ದೋಯ್ತದೆ."

"ಏಳು ಭಾನ್ವಾರ ತಡ್ಕೊಂಡಿವ್ನಿ. ಇವತ್ತೊಂದಿನ ತಾನೆ? ತಡ್ಕೊತೀನಿ ಬುಡು."

ಇದೆಲ್ಲ ಶುರುವಾದದ್ದು ಫುಟ್‌ಬಾಲಿನಿಂದ. ಎಂಬತ್ತಾರನೆಯ ಇಸವಿ. ಮೆಕ್ಸಿಕೋದಲ್ಲಿ ವಿಶ್ವಕಪ್ಪು ನಡೆದು, ವಿಜಯನಗರದ ಟೀವಿ ಇದ್ದ ಮನೆಗಳಲ್ಲಿ ಅಕ್ಕಪಕ್ಕದವರೆಲ್ಲ ಒತ್ತರಿಸಿಕೊಂಡು ಕೂತು ನೋಡಿದ್ದರು. ಎಲ್ಲಿ ನೋಡಿದರೂ ಮೆಕ್ಸಿಕೋ ಮಾತೇ. ಅದು ಲಕ್ಷ್ಮೀಪತಿಯ ಕಿವಿಗೂ ಬಿತ್ತು.

ಈ ಲಕ್ಷ್ಮೀಪತಿ ಕೆಂಗೇರಿಯ ಆಚೆ, ಮೈಸೂರು ರಸ್ತೆಯಿಂದ ತುಸು ಒಳಗೆ, ಕೆರೆಯಂಗಳವನ್ನೂ ಸೇರಿಸಿ ಮುಳ್ಳುತಂತಿ ಎಳೆದಿದ್ದ. ಕುಂಬಾರರ ಓಣಿಯ ಏಳು ಮನೆಗಳಿಗೆ ಮುತ್ತಾತನ ಕಾಲದಿಂದ ಆ ಕೆರೆಯ ಮಣ್ಣೇ ಅನ್ನ. ಯಾವ ಆಫೀಸಿನಲ್ಲಿ ಯಾವ ಕಾಗದ ಹುಟ್ಟಿತೋ, ಬೆಳಗಾಗುವುದರೊಳಗೆ ಕೆರೆ ಅವನದಾಗಿತ್ತು. ಅವನೇನು ಪರಸ್ಥಳದವನೂ ಅಲ್ಲ. ಅದೇ ಊರಿನ ಪಟೇಲರ ಮೊಮ್ಮಗ. ಮುನಿತಾಯಮ್ಮನ ಅತ್ತೆ ಕೊಟ್ಟ ಮಡಕೆಯ ನೀರು ಕುಡಿದು ಬೆಳೆದವನು.

ಸೈಟು ಮಾಡಲು ಅಪ್ಪಣೆ ಬರುವತನಕ ಜಾಗ ಯಾಕೆ ಸುಮ್ಮನೆ ಬಿದ್ದಿರಬೇಕು? ಅವನಿಗೆ ಹೊಳೆದದ್ದೇ 'ಒಂದು ದಿನದ ಮೆಕ್ಸಿಕೋ ಪ್ರವಾಸ'. ಭಾನುವಾರ ಬೆಳಿಗ್ಗೆ ರಾಜಾಜಿನಗರದಿಂದ ವ್ಯಾನು. ಮೆಕ್ಸಿಕೋದ ಕರಕುಶಲ, ಮೆಕ್ಸಿಕೋದ ನಿಸರ್ಗ, ಮೆಕ್ಸಿಕೋದ ಊಟ. ದೀಪ ಹಚ್ಚುವ ಹೊತ್ತಿಗೆ ವಾಪಸು ಮನೆ.

ಓಣಿಯವರನ್ನು ಕರೆಸಿ ಹೇಳಿದ್ದ: "ಎಂಟು ಭಾನುವಾರ ನೀವು ಮೆಕ್ಸಿಕೋದವರು. ಆಮೇಲೆ ಗೇಟು ತೆಗೆಸ್ತೀನಿ. ದೀಪಾವಳಿ ಹಣತೆಗೆ ಎಷ್ಟು ಬೇಕೋ ಅಷ್ಟು ಮಣ್ಣು ಹೊತ್ಕೊಂಡು ಹೋಗಿ. ಆದ್ರೆ ಬಂದೋರ ಮುಂದೆ ಒಂದೇ ಒಂದು ಕನ್ನಡದ ಮಾತು ಬಾಯಿಂದ ಬಿತ್ತೋ, ಯಾರಿಗೂ ಮಣ್ಣಿಲ್ಲ."

"ಮೆಕ್ಕೆಸಿಕೋ ಅಂದ್ರೆ ಮೆಕ್ಕೆಜೋಳದ ಊರಾ ಬುದ್ಧಿ?" ಎಂದು ಎದುರುಮನೆಯ ಗಂಗಲಕ್ಷ್ಮಮ್ಮ ಕೇಳಿದಳು. ಅಂದಿನಿಂದ ಓಣಿಯವರು ತಮ್ಮನ್ನು ತಾವೇ ಮೆಕ್ಕೆಜೋಳದವರು ಎಂದು ಕರೆದುಕೊಂಡು ನಗುತ್ತಿದ್ದರು. ನಗದೆ ಏನು ಮಾಡುವುದು? ಮಡಕೆ ಸುಡುವ ಆವಿಗೆಗೆ ಬೆಂಕಿ ಕಾಣಿಸಿ ಮೂರು ತಿಂಗಳಾಗಿತ್ತು. ಮಾರಾಟಕ್ಕಿಟ್ಟದ್ದು ಅವರವರ ಮನೆಯಲ್ಲಿ ಮಾರಾಗದೆ ಉಳಿದಿದ್ದ ಹಳೇ ಮಡಕೆ. ಅಂಜಿನಯ್ಯ ತಿಗರಿಯ ಮುಂದೆ ಕೂತು, ಇದ್ದ ಒಂದೇ ಮುದ್ದೆ ಮಣ್ಣನ್ನು ಮಡಕೆ ಮಾಡಿ, ಜನ ಆಚೆ ತಿರುಗಿದ ಕೂಡಲೇ ಮತ್ತೆ ಮುದ್ದೆ ಮಾಡುತ್ತಿದ್ದ. ಆ ಮುದ್ದೆ ಈ ಎಂಟು ವಾರದಲ್ಲಿ ನೂರು ಸಲ ಹುಟ್ಟಿ ನೂರು ಸಲ ಸತ್ತಿತ್ತು.

ಎಂಟನೆಯ ಭಾನುವಾರದ ವ್ಯಾನು ಬಂತು. ಮೊದಲು ಇಳಿದವನು ಗೈಡು ಶ್ಯಾಮಸುಂದರ. ರಾಮನಗರದಿಂದ ಆಚೆ ಕಾಲಿಟ್ಟವನಲ್ಲ. ಬಾಯಿ ಮಾತ್ರ ಲಂಡನ್ನಿಗೂ ಹೋಗಿಬಂದಿತ್ತು.

"ಬನ್ನಿ ಸಾರ್, ಬನ್ನಿ ಆಂಟಿ! ಈಗ ನೀವು ಮೆಕ್ಸಿಕೋದಲ್ಲಿ ಇದೀರ. ಇದು ಅಲ್ಲಿನ ಪವಿತ್ರ ಸರೋವರ!"

ಪವಿತ್ರ ಸರೋವರದಲ್ಲಿ ಓಣಿಯ ಚಿಕ್ಕಹನುಮಯ್ಯನ ಎಮ್ಮೆ ಕತ್ತಿನವರೆಗೆ ಮುಳುಗಿ ಮೆಲುಕು ಹಾಕುತ್ತಿತ್ತು.

"ಅದು?" ಎಂದರು ವಿಜಯನಗರದ ವಿಜ್ಞಾನದ ಮೇಷ್ಟರು ಸೇತುರಾಮ.

"ಮೆಕ್ಸಿಕನ್ ಎಮ್ಮೆ ಸಾರ್."

ಮೇಷ್ಟರು ಬೇಲಿಯ ಹತ್ತಿರ ಬಗ್ಗಿ ನೋಡಿ ಹಿಗ್ಗಿದರು. "ಏನ್ರೀ, ಪಾಪಾಸುಕಳ್ಳಿ! ಇದು ನಿಜವಾಗ್ಲೂ ಮೆಕ್ಸಿಕೋ ಕಡೆಯಿಂದಲೇ ಬಂದಿದ್ದು ಕಣ್ರೀ!"

"ಅದು ಬರೀ ಬೇಲಿ ಸಾರ್, ಟೂರಲ್ಲಿಲ್ಲ. ಮುಂದೆ ಬನ್ನಿ."

ಮುಂದೆ ಚಿಕ್ಕಹನುಮಯ್ಯ ಬಿದಿರಿನ ಟೋಪಿ ಹೆಣೆಯುತ್ತಿದ್ದ. ಅವನು ಜೀವಮಾನವಿಡೀ ಹೆಣೆದದ್ದು ಮಣ್ಣು ಹೊರುವ ಮಂಕರಿ. ಮೆಕ್ಸಿಕೋ ಟೋಪಿ ಬೇಕೆಂದಾಗ ಮಂಕರಿಯನ್ನೇ ಬೋರಲು ಹಾಕಿ ಸುತ್ತ ಅಗಲವಾದ ಅಂಚು ಕೊಟ್ಟಿದ್ದ. ಓಣಿಯ ಗಂಡಸರೆಲ್ಲ ಒಂದೊಂದು ಮಂಕರಿ ತಲೆಗೆ ಕವುಚಿಕೊಂಡು ನಿಂತಿದ್ದರು.

ಅದರಾಚೆ ಊಟ. ಗಂಗಲಕ್ಷ್ಮಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅದಕ್ಕೆ ಶ್ಯಾಮಸುಂದರ ಏನೋ ಟೋರ್ಟಿಯಾ ಎಂದು ಹೆಸರಿಟ್ಟಿದ್ದ. ಅವಳಿಗೆ ಅವನು ಕಲಿಸಿದ್ದು ಒಂದೇ ಮಾತು, 'ಸಿ'. ಏನು ಕೇಳಿದರೂ 'ಸಿ' ಅನ್ನು, ಹೌದು ಅಂತ ಅರ್ಥ ಎಂದಿದ್ದ.

ಸೇತುರಾಮ ಮೇಷ್ಟರು ಹಸಿರು ಚಟ್ನಿ ತೋರಿಸಿ, ಕೈಸನ್ನೆ ಮಾಡುತ್ತ ಕೇಳಿದರು. "ಏನಮ್ಮಾ, ಖಾರಾನಾ?"

"ಸಿ, ಸಿ!" ಎಂದಳು ಗಂಗಲಕ್ಷ್ಮಮ್ಮ ನಿಜವನ್ನೇ.

"ಓ, ಸೀನಾ? ಪರವಾಗಿಲ್ವೇ," ಎಂದು ಮೇಷ್ಟರು ನಿಂಬೆಗಾತ್ರದ ಚಟ್ನಿಯನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡರು.

ಆಮೇಲೆ ನಡೆದದ್ದನ್ನು ಮೇಷ್ಟರ ಬಾಯಿಂದಲೇ ಕೇಳಬೇಕು, ಆದರೆ ಬಾಯಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಿವಿ ಕೆಂಪಾಯಿತು, ಕನ್ನಡಕ ಕೆಳಗೆ ಬಿತ್ತು, ಪವಿತ್ರ ಸರೋವರದ ಕಡೆ ಓಡಿದವರನ್ನು ನಾಲ್ಕು ಜನ ಹಿಡಿದು ನಿಲ್ಲಿಸಿದರು. ಶ್ಯಾಮಸುಂದರ ನೀರು ತರಲು ರಸ್ತೆಯ ಅಂಗಡಿಗೆ ಓಡಿದ. ಎಲ್ಲ ಕೆಟ್ಟದ್ದು ಇಲ್ಲಿಯೇ.

ಯಾಕೆಂದರೆ ಅದೇ ಹೊತ್ತಿಗೆ ಆರ್‌ಪಿಸಿ ಲೇಔಟಿನ ಯಶೋದಮ್ಮ ಸೊಸೆ ತುಂಗಾಳೊಂದಿಗೆ ಮಡಕೆಗಳ ಮುಂದೆ ಬಂದು ನಿಂತರು. ತುಂಗಾ ಒಂದು ಮಡಕೆ ಆರಿಸಿ ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ಟಣ್ ಎಂದಿತು. ಕಾಸನ್ನು ಡಬ್ಬಿಗೆ ಹಾಕಿ, ಮಡಕೆ ಕೊಡಿ ಎಂದು ಎರಡೂ ಕೈ ಚಾಚಿದಳು.

"ಇವಳಿಗೀಗ ಐದು ತಿಂಗಳು," ಎಂದು ಯಶೋದಮ್ಮ ಪಕ್ಕದವರಿಗೆ ಹೇಳುತ್ತಿದ್ದರು. "ಮಡಕೇಲಿ ಹೆಪ್ಪು ಹಾಕಿದ ಮೊಸರೇ ಬೇಕಂತೆ."

ಮುನಿತಾಯಮ್ಮ ಮಡಕೆ ಎತ್ತಿಕೊಂಡಳು. ಕೈ ಅಲ್ಲೇ ನಿಂತಿತು.

ಮಡಕೆ ಕೊಡುವಾಗ 'ತುಂಬಿ ಬಾಳು' ಅನ್ನದೆ ಕೊಡಬಾರದು. ಅವಳಿಗೆ ಅತ್ತೆ ಹೇಳಿಕೊಟ್ಟದ್ದು, ಅತ್ತೆಗೆ ಅವಳ ಅತ್ತೆ. ಬರಿಮಡಕೆಯನ್ನು ಮಾತಿಲ್ಲದೆ ಕೊಡುವುದು ಒಂದೇ ಮನೆಗೆ, ಹೆಣ ಎತ್ತುವ ಮನೆಗೆ. ಏಳು ಭಾನುವಾರ ಮಡಕೆಗಳನ್ನು ಎತ್ತಿ ಕೊಟ್ಟವನು ಶ್ಯಾಮಸುಂದರ. ಅವನ ಮಾತಿಗಂತೂ ಬರವಿರಲಿಲ್ಲ. ಈಗ ಅವನಿಲ್ಲ. ಛತ್ರಿ ಹಿಡಿದ ಲಕ್ಷ್ಮೀಪತಿ ನಾಲ್ಕೇ ಮಾರು ದೂರದಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದ.

ಒಂದು ಕಡೆ ಏಳು ಮನೆಯ ಮಣ್ಣು. ಇನ್ನೊಂದು ಕಡೆ ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಕೈ ಚಾಚಿರುವ ಹುಡುಗಿ. ಮುನಿತಾಯಮ್ಮ ಗಂಡನ ಮುಖ ನೋಡಿದಳು.

"ಅಂದ್ಬುಡು," ಎಂದ ಅಂಜಿನಯ್ಯ. ಪಿಸುಮಾತಿನಲ್ಲಲ್ಲ.

"ತುಂಬಿ ಬಾಳು ಕಣವ್ವಾ!" ಎಂದಳು ಮುನಿತಾಯಮ್ಮ. ಎಂಟು ವಾರ ಒಳಗೇ ಕೂತಿದ್ದ ದನಿ ಕೆರೆಯ ಆಚೆ ದಡಕ್ಕೆ ಕೇಳಿಸಿತು. "ಮನೆ ತುಂಬ್ಲಿ, ಮಡ್ಲು ತುಂಬ್ಲಿ. ಮೂರು ದಿನ ಅಕ್ಕಿ ತೊಳೆದ ನೀರು ಆಕಿಡು. ಪಳಗ್ದೆ ಇದ್ರೆ ಮೊಸ್ರು ಮಣ್ಣುವಾಸ್ನೆ ಒಡೀತದೆ."

ಯಶೋದಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ! ಮೆಕ್ಸಿಕೋದವರು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರ್ರೀ!"

"ಕಲಿತಿದಾರೆ ಮೇಡಂ, ಎಂಟು ವಾರದಲ್ಲಿ ಕಲಿತುಬಿಟ್ಟಿದಾರೆ," ಎಂದು ಲಕ್ಷ್ಮೀಪತಿ ಹಲ್ಲು ಕಿರಿದ.

"ಎಂಟು ವಾರ ಅಲ್ಲ ಕಣ್ ತಾಯಿ, ಉಟ್ದಾಗಿಂದ!" ಎಂದು ಅಂಜಿನಯ್ಯ ಮೀಸೆ ಕಿತ್ತೆಸೆದು ತುಟಿಯನ್ನು ಪರಪರ ಕೆರೆದುಕೊಂಡ. ಆ ಸುಖಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಕಟ್ಟೆ ಒಡೆಯಿತು. "ಮೇಷ್ಟ್ರೇ, ಅದು ಸೀ ಅಲ್ಲ, ಹಸಿಮೆಣಸಿನಕಾಯಿ ಕಣ್ರಪ್ಪೋ!" ಎಂದು ಗಂಗಲಕ್ಷ್ಮಮ್ಮ ಕೂಗಿದಳು. "ಎಮ್ಮೆ ನಂದು, ಅದ್ರೆಸ್ರು ಗೌರಿ!" ಎಂದ ಚಿಕ್ಕಹನುಮಯ್ಯ. ಎಲ್ಲರೂ ಒಟ್ಟಿಗೇ ಮಾತಾಡಿದರು. ಮಣ್ಣಿನ ಕತೆ, ತಂತಿಯ ಕತೆ, ಲಂಗದ ಕತೆ. ವ್ಯಾನಿನವರು ನಕ್ಕರು, ಓಣಿಯವರು ನಕ್ಕರು, ಬಾಯಿ ಉರಿಯುತ್ತಲೇ ಮೇಷ್ಟರೂ ನಕ್ಕರು.

"ನಗ್ರೋ, ನಗ್ರಿ!" ಎಂದು ಲಕ್ಷ್ಮೀಪತಿ ಕಿರುಚಿದ. "ಒಂದು ಹಿಡಿ ಮಣ್ಣಿಲ್ಲ ನಿಮಗೆ! ಬಾಯಿ ಮುಚ್ಕೊಂಡಿದ್ರೂ ಸಿಕ್ತಿರ್ಲಿಲ್ಲ. ಅಪ್ಪಣೆ ಬಂದಾಯ್ತು, ನಾಳೆಯಿಂದ ಲಾರಿ ಬರ್ತವೆ. ಕೆರೆ ಮುಚ್ಚಿ ಸೈಟ್ ಮಾಡ್ತೀನಿ."

ನಗು ನಿಂತಿತು. ಹಾಗಾದರೆ ಈ ಎಂಟು ವಾರ? ಬೋಳಿಸಿದ ಮೀಸೆ, ನುಂಗಿದ ಮಾತು? ಎಲ್ಲರಿಗೂ ಉತ್ತರ ಸಿಕ್ಕಿತ್ತು.

ಮುನಿತಾಯಮ್ಮ ಮುಡಿಯ ಕಾಗದದ ಹೂವು ಕಿತ್ತು ಹಾಕಿದಳು. ಸಾಲಿನಿಂದ ಒಂದು ಬರಿಮಡಕೆ ಎತ್ತಿಕೊಂಡು ನೆಟ್ಟಗೆ ಲಕ್ಷ್ಮೀಪತಿಯ ಮುಂದೆ ಹೋಗಿ ಎರಡೂ ಕೈಯಿಂದ ಚಾಚಿದಳು. ಅವನದೂ ಹಳ್ಳಿಯಲ್ಲಿ ಹುಟ್ಟಿದ ಕೈ. ಅಭ್ಯಾಸಬಲದಿಂದ ಛತ್ರಿ ಬಿಟ್ಟು ಈಸಿಕೊಂಡುಬಿಟ್ಟಿತು.

ಅವಳು ಏನೂ ಅನ್ನಲಿಲ್ಲ.

ಲಕ್ಷ್ಮೀಪತಿ ಮಡಕೆ ನೋಡಿದ. ಅವಳ ಮುಖ ನೋಡಿದ. ಅವನ ಮುಖದ ರಕ್ತ ಇಳಿಯಿತು.

"ಏನಾದ್ರೂ ಅನ್ನು ಮುನಿತಾಯೀ," ಎಂದ ಸಣ್ಣ ದನಿಯಲ್ಲಿ.

ಅವಳು ಬೆನ್ನು ತಿರುಗಿಸಿದಳು. ಚಿಕ್ಕಹನುಮಯ್ಯ ತಲೆಯ ಮೇಲಿನ ಟೋಪಿ ತೆಗೆದು ಅಂಗಾತ ಹಿಡಿದ. ಅದು ಮತ್ತೆ ಮಂಕರಿಯಾಯಿತು. ಒಂದಾದ ಮೇಲೊಂದು ಟೋಪಿಗಳು ಅಂಗಾತವಾದವು. ಅಂಜಿನಯ್ಯ ಗುದ್ದಲಿ ಹುಡುಕಿ ತಂದ. ಕೆರೆಯಂಗಳದ ಗೇಟಿನ ಅಗುಳಿ ಸರಿಸಿದವಳು ಐದು ತಿಂಗಳ ಬಸುರಿ ತುಂಗಾ, ಕಂಕುಳಲ್ಲಿ ಮಡಕೆ ಇಟ್ಟುಕೊಂಡೇ.

"ಪೊಲೀಸ್ ಕರೆಸ್ತೀನಿ!" ಎಂದ ಲಕ್ಷ್ಮೀಪತಿ. ಮಡಕೆಯನ್ನು ಕೆಳಗಿಡಲೂ ಭಯ, ಹಿಡಿದಿರಲೂ ಭಯ. "ಒಂದು ಮಾತು ಅನ್ರೋ! ಯಾರಾದ್ರೂ ಒಂದು ಮಾತು ಅನ್ರೋ!"

ಅವನು ಕಲಿಸಿದ ಪಾಠವನ್ನು ಓಣಿಯವರು ಚೆನ್ನಾಗಿ ಕಲಿತಿದ್ದರು. ಕೆರೆಯಂಗಳದಲ್ಲಿ ಗುದ್ದಲಿಯ ಸದ್ದು ಮಾತ್ರ ಕೇಳುತ್ತಿತ್ತು.