ಚಳಿಗಾಲದಲ್ಲಿ ಅಟ್ಟ ಸೇರಿದ ಬಲೆ

ಎರಡೇ ದಿನದಲ್ಲಿ ಐದು ಮೀನು ಸತ್ತು ತೇಲಿದವು. ಮೈಮೇಲೆಲ್ಲ ಹತ್ತಿ ಅಂಟಿಸಿದ ಹಾಗೆ ಬಿಳಿ ಮಚ್ಚೆ. ಮನೆಯ ಹಿಂದಿನ ಕೊಳದಲ್ಲಿ ಗೆಂಡೆ ಮೀನು ಸಾಕಿರುವ ಗಡಿಯಾರದಣ್ಣನಿಗೆ ಕೈಕಾಲೇ ಆಡಲಿಲ್ಲ. ಅವು ಅವರ ಹೆಂಡತಿ ತೀರಿಕೊಳ್ಳುವ ಮುಂಚೆ ಕೈಯಾರೆ ಬಿಟ್ಟ ಮರಿಗಳು. ಅವಳದು ಎಂದು ಆ ಮನೆಯಲ್ಲಿ ಉಳಿದಿದ್ದ ಜೀವಗಳು ಅವಷ್ಟೇ.

ಅಣ್ಣನಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಮೂವತ್ತು ವರ್ಷ ಕಾರ್ಖಾನೆಯ ಬೆಳಗಿನ ಪಾಳಿಗೆ ಒಂದು ನಿಮಿಷವೂ ತಡವಾಗಿ ಹೋದವರಲ್ಲ. ಈಗ ಪಾಳಿಯೂ ಇಲ್ಲ, ಹೆಂಡತಿಯೂ ಇಲ್ಲ. ಆದರೂ ಗಡಿಯಾರ ನಿಲ್ಲಬೇಕಲ್ಲ! ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೊಳಕ್ಕೆ ಬಲೆ ಹಾಕಿ, ನಾಲ್ಕೈದು ಮೀನು ಎತ್ತಿ, ಒಣ ಟವೆಲ್ಲಿನಲ್ಲಿ ಒರೆಸಿ, ತಕ್ಕಡಿಯಲ್ಲಿ ತೂಗಿ, ಅವುಗಳೊಡನೆ ಎರಡು ಮಾತಾಡಿ ನೀರಿಗೆ ಬಿಡುವರು. ಇಡೀ ದಿನದಲ್ಲಿ ಅವರು ಬಾಯಿ ತೆರೆಯುತ್ತಿದ್ದದ್ದು ಅಷ್ಟಕ್ಕೇ. ಹೆಂಡತಿ ಹಾಗೆ ಮೀನು ಹಿಡಿದು ತೂಗುವುದನ್ನು ಬೇಸಿಗೆಯ ರಜಾದಿನಗಳಲ್ಲಿ ಕಂಡಿದ್ದರು. ಮೇವು ಕೂಡ ಅವಳ ಅಳತೆಯೇ, ದಿನಕ್ಕೊಂದು ಡಬ್ಬಿ ತುಂಬ. ಮೈ ಕೊರೆಯುವ ಚಳಿ ಬಂದರೂ ಒಂದು ಹಿಡಿ ಕಡಿಮೆ ಮಾಡಲಿಲ್ಲ.

ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುವ ನಾದಿನಿಗೆ ಫೋನು ಹೋಯಿತು. ಅವಳು ಬಂದವಳೇ ಭಾವನ ಕೈಯನ್ನು ನೀರಿಗೆ ಹಾಕಿಸಿದಳು. ಅವರು ಚಳಿಗೆ ಥಟ್ಟನೆ ಹಿಂದಕ್ಕೆಳೆದುಕೊಂಡರು.

"ನೀರು ಎಷ್ಟು ತಣ್ಣಗಿದೆಯೋ ಮೀನಿನ ಮೈಯೂ ಅಷ್ಟೇ ತಣ್ಣಗಿರುತ್ತೆ ಭಾವ. ತಿಂದಿದ್ದು ಅರಗಲ್ಲ, ಗಾಯ ಬೇಗ ಮಾಯಲ್ಲ. ಮೈ ಮೇಲಿನ ಲೋಳೇನೇ ಅದಕ್ಕೆ ಕಾವಲು. ಅದನ್ನ ನೀವು ದಿನಾ ಟವೆಲ್ಲಲ್ಲಿ ಒರೆಸಿ ತೆಗೀತಿದ್ದೀರಿ. ಒರೆಸಿದ ಜಾಗದಲ್ಲೇ ಬೂಷ್ಟು ಹಿಡಿದಿರೋದು."

ತಿನ್ನದೆ ಉಳಿದ ಮೇವು ತಳದಲ್ಲಿ ಕೊಳೆತು ನೀರು ಕೆಡುತ್ತಿರುವುದನ್ನೂ ಅವಳು ತೋರಿಸಿದಳು. ಅಣ್ಣ ಒಪ್ಪಲಿಲ್ಲ. ಒಳ್ಳೆಯ ಔಷಧಿಯ ಹೆಸರು ಹೇಳಿದರೆ ಸಾಕು ಎಂದರು. ಕೊನೆಗೆ ಮನಸ್ಸಿನಲ್ಲಿದ್ದದ್ದು ಹೊರಬಂತು.

"ನಿಮ್ಮಕ್ಕಾನೂ ಹಿಡಿದು ನೋಡ್ತಿದ್ಲಲ್ಲ. ಅವಳು ಮಾಡಿದ್ದು ತಪ್ಪಾ?"

"ಅಕ್ಕ ಹಿಡೀತಿದ್ದಿದ್ದು ಬೇಸಿಗೇಲಿ. ಅದೂ ಅಪರೂಪಕ್ಕೆ, ಕೈ ಒದ್ದೆ ಮಾಡ್ಕೊಂಡು, ಕ್ಷಣದಲ್ಲಿ ನೀರಿಗೆ ಬಿಟ್ಟುಬಿಡ್ತಿದ್ಲು. ಚಳಿ ಶುರುವಾಗೋ ಮುಂಚೆ ಬಲೆ ಅಟ್ಟಕ್ಕೆ ಹಾಕ್ತಿದ್ಲು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಅವರು ಬೆಳಕು ಹರಿಯುವ ಮೊದಲೇ ಪಾಳಿಗೆ ಹೋಗುತ್ತಿದ್ದರು. ರಜೆಯ ದಿನ ಕಂಬಳಿಯಿಂದ ತಲೆ ಹೊರಗೆ ಹಾಕುತ್ತಿರಲಿಲ್ಲ.

"ಮತ್ತೆ ಚಳಿಗಾಲದಲ್ಲಿ ಏನ್ ಮಾಡ್ತಿದ್ಲು?"

"ಅಲ್ಲಿ, ಆ ಕಲ್ಲಿನ ಮೇಲೆ ಕೂತು ನೀರು ನೋಡ್ತಿದ್ಲು. ನೀವು ಬರೋವರೆಗೂ ಮಾತಾಡೋಕೆ ಇನ್ಯಾರಿದ್ರು ಭಾವ?"

ಅಣ್ಣ ಆ ಕಲ್ಲನ್ನೇ ನೋಡುತ್ತ ನಿಂತರು. ಮೂವತ್ತು ವರ್ಷದಲ್ಲಿ ಒಂದು ದಿನವೂ ಇದನ್ನು ಅವಳನ್ನೇ ಕೇಳಿರಲಿಲ್ಲ. ಆಮೇಲೆ ಏಣಿ ಹಾಕಿ ಬಲೆಯನ್ನು ಅಟ್ಟಕ್ಕೆ ಎಸೆದರು.

ಮತ್ತೆ ಎರಡು ಮೀನು ಸತ್ತವು. ಅಲ್ಲಿಗೆ ಸಾವು ನಿಂತಿತು. ಈಗ ಬಿಸಿಲೇರಿದ ಮೇಲೆ ಒಂದು ಹಿಡಿ ಮೇವು ಹಾಕುತ್ತಾರೆ. ಮೀನು ತಿನ್ನದಿದ್ದರೆ ಅದೂ ಇಲ್ಲ. ಏಳಕ್ಕೆ ಸರಿಯಾಗಿ ಕಲ್ಲಿನ ಮೇಲೆ ಕೂರುತ್ತಾರೆ. ಕಲ್ಲು ತುಂಬ ತಣ್ಣಗಿರುತ್ತದೆ. ನೀರು ಎಷ್ಟು ತಣ್ಣಗಿದೆ ಎಂದು ಅಳೆದು ನಾದಿನಿಗೆ ಫೋನಿನಲ್ಲಿ ಹೇಳುತ್ತಾರೆ, ಹೇಳಿದ ಮೇಲೂ ಫೋನು ಇಡುವುದಿಲ್ಲ.

ಮೀನು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಹಿಡಿಯುವುದು, ತೂಗುವುದು, ಬೇರೆ ಕೊಳಕ್ಕೆ ಬಿಡುವುದು ಏನಿದ್ದರೂ ಚಳಿಗೆ ಮುಂಚೆ ಮುಗಿಸಿ. ಹಿಡಿಯಲೇಬೇಕಾದರೆ ಬಿಸಿಲೇರಲಿ, ಕೈ ಒದ್ದೆಯಿರಲಿ, ಮೀನು ಬೇಗ ನೀರು ಸೇರಲಿ. ಬಿಳಿ ಮಚ್ಚೆ ಕಂಡರೆ ಔಷಧಿ ಸುರಿಯುವ ಮೊದಲು ಮೀನುಗಾರಿಕೆ ಕಚೇರಿಯವರನ್ನು ಕೇಳಿ. ಬೇಸರಕ್ಕೆ ಬಲೆಯತ್ತ ಕೈ ಹೋದರೆ ತಡೆದುಕೊಂಡು, ಪಕ್ಕದ ಕೊಳದ ದಡದಲ್ಲಿ ಒಬ್ಬರೇ ಕೂತಿರುವವರನ್ನು ಮಾತಾಡಿಸಿ ಬನ್ನಿ.