ಟೋಕಿಯೊ ಅಳತೆ

ಪುರಸೈವಾಕ್ಕಂನ ಜವಳಿ ಅಂಗಡಿಗಳ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ, ತಮಿಳು ಸೀಮೆಗೆ ಬಂದು ನೆಲೆಸಿದ ಗಂಗಾಧರಪ್ಪನವರು ಮೂವತ್ತೆಂಟು ವರ್ಷದಿಂದ ಗಂಡಸರ ಬಟ್ಟೆ ಹೊಲಿಯುತ್ತಿದ್ದರು. ಅವರ ಲೆಕ್ಕದಲ್ಲಿ ಗಂಡಸರು ಎರಡೇ ಬಗೆ: ಅಂಗಿಯ ಭುಜದ ಹೊಲಿಗೆ ಭುಜದ ಮೇಲೆಯೇ ಕೂತವರು, ಕೂರದವರು. ಎರಡನೆಯವರನ್ನು ಬಸ್ಸಿನಲ್ಲಿ ಕಂಡರೂ ಅವರಿಗೆ ಸಂಕಟವಾಗುತ್ತಿತ್ತು.

ಮಗಳು ಜ್ಯೋತಿಗೆ ಕಂಪನಿಯಿಂದ ಹತ್ತು ದಿನ ಟೋಕಿಯೊದಲ್ಲಿ ಕೆಲಸ ಬಿತ್ತು. ಅಮ್ಮನನ್ನು ಜೊತೆಗೆ ಕರೆದಳು.

"ಅಷ್ಟೊತ್ತು ವಿಮಾನದಾಗ ಕುಂದ್ರಾಕ ನನ್ನಿಂದ ಆಗೂದಿಲ್ಲವಾ," ಎಂದರು ಭವಾನಿ. "ನಿಮ್ಮಪ್ಪನ್ನ ಕರ್ಕೊಂಡು ಹೋಗು. ಹತ್ತು ದಿನ ನನಗೂ ಆರಾಮ."

ಹಾಗೆ ಗಂಗಾಧರಪ್ಪನವರು ಹೋದರು. ಜ್ಯೋತಿ ಆಫೀಸಿಗೆ ಹೊರಡುವಾಗ ಅವರನ್ನು ಹರಾಜುಕು ಎಂಬ ಪೇಟೆಯಲ್ಲಿ ಬಿಡುತ್ತಿದ್ದಳು. ಅವರು ಒಂದು ಕಟ್ಟೆಯ ಮೇಲೆ ಕೂತು ಹೋಗಿಬರುವ ಹುಡುಗರ ಬಟ್ಟೆ ನೋಡುತ್ತಿದ್ದರು. ಒಂದೊಂದು ಪ್ಯಾಂಟಿನಲ್ಲಿ ಇಬ್ಬರು ಇರಬಹುದಿತ್ತು. ಭುಜದ ಹೊಲಿಗೆ ಮೊಣಕೈ ಹತ್ತಿರ ಇಳಿದಿತ್ತು. ಹೊಸ ಕೋಟಿಗೆ ಯಾರೋ ಹಳೇ ನೀಲಿ ಬಟ್ಟೆಯ ತೇಪೆ ಹಾಕಿದ್ದರು. ಬಿಳೀ ಕಾಲುಚೀಲದ ಮೇಲೆ ಚಪ್ಪಲಿ.

"ಪಾಪ, ಇಲ್ಲೆ ಹುಡುಗ್ರೆಲ್ಲಾ ಅಣ್ಣನ ಅಂಗಿ ಹಾಕ್ಕೊಂಡು ಅಡ್ಡ್ಯಾಡತಾರ," ಎಂದು ಅವರು ಭವಾನಿಗೆ ಫೋನಿನಲ್ಲಿ ಹೇಳಿದರು.

"ಬಡವ್ರೇನ್ರಿ?"

"ಬಡವ್ರಲ್ಲ. ಈ ಊರಾಗ ಟೇಲರ್ ಇಲ್ಲ."

ಮೂರನೆಯ ದಿನ ಅವರ ದನಿಯೇ ಬೇರೆಯಾಗಿತ್ತು. "ಭವಾನಿ, ಇಲ್ಲೆ ನಮ್ಮವರದಾರ."

"ಯಾರು?"

"ಲಿಂಗವಂತರು. ಹತ್ತರಾಗ ಆರು ಹುಡುಗ್ರ ಕೊರಳಾಗ ದಾರದಾಗ ಸಣ್ಣ ಚೀಲ ಅದ, ಎದಿಮ್ಯಾಲೆ."

ಅದನ್ನು ಖಚಿತ ಮಾಡಿಕೊಳ್ಳಲು ಅವರು ಅಂಥ ಒಬ್ಬನನ್ನು ನಿಲ್ಲಿಸಿ, ತಮ್ಮ ಅಂಗಿಯೊಳಗಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಹೊರತೆಗೆದು ತೋರಿಸಿದರು. ಹುಡುಗ ಎರಡೂ ಕೈಯಲ್ಲಿ ತನ್ನ ಚೀಲ ಬಿಚ್ಚಿ ತೋರಿಸಿದ. ಅದರಲ್ಲಿ ತುಟಿಗೆ ಹಚ್ಚುವ ಮುಲಾಮು, ರೈಲಿನ ಕಾರ್ಡು ಇದ್ದವು. ಇಬ್ಬರೂ ಬಗ್ಗಿ ನಮಸ್ಕರಿಸಿ ಬೇರೆಯಾದರು. ಆ ದಿನ ಅವರು ಮನೆಗೆ ಮತ್ತೆ ಫೋನ್ ಮಾಡಲಿಲ್ಲ.

ನಾಲ್ಕನೆಯ ದಿನ ಅವರಿಗೆ ತಡೆಯಲಾಗಲಿಲ್ಲ. ಒಬ್ಬ ತರುಣನ ಪ್ಯಾಂಟಿನ ಅಂಚು ನೆಲ ಗುಡಿಸುತ್ತಿತ್ತು. ಗಂಗಾಧರಪ್ಪನವರು ಅವನ ಮುಂದೆ ಮಂಡಿಯೂರಿ, ಕಾಲರಿನಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಗುಂಡುಸೂಜಿ ತೆಗೆದು ಅಂಚನ್ನು ಎರಡಿಂಚು ಮೇಲಕ್ಕೆ ಚುಚ್ಚಿದರು. ತರುಣ ಅಲುಗಾಡದೆ ನಿಂತ. ಮಧ್ಯಾಹ್ನದ ಬಿಡುವಿನಲ್ಲಿ ಬಂದ ಜ್ಯೋತಿಗೆ ಕಂಡದ್ದು ಇದು.

"ಅಪ್ಪಾ, ಎಂದಿರಿಂಗಪ್ಪಾ," ಏಳಿ ಎಂದು ಅವಳು ತಮಿಳಿನಲ್ಲೇ ಗೋಗರೆದಳು. ಆಮೇಲೆ ಮೊಬೈಲಿನ ಅನುವಾದದ ನೆರವಿನಿಂದ ತರುಣನ ಕ್ಷಮೆ ಕೇಳಿದಳು. ತರುಣ ಮೆಲ್ಲಗೆ ಏನೋ ಹೇಳಿದ.

"ಈ ಉದ್ದ ಬೇಕು ಅಂತಾನೇ ಆರು ಅಂಗಡಿ ಸುತ್ತಿದಾನಂತೆ ಅಪ್ಪಾ. ಪಿನ್ ತೆಗೀರಿ ಪ್ಲೀಸ್."

ಸೂಜಿ ತೆಗೆಯಲೆಂದು ಅಂಚನ್ನು ತಿರುವಿದವರು ತಿರುವಿದಲ್ಲೇ ಉಳಿದರು. ಒಳಹೊಲಿಗೆ ಒಂದು ಎಳೆಯೂ ಸೊಟ್ಟಗಿರಲಿಲ್ಲ. ಅಂಚನ್ನು ಕೈಯಲ್ಲಿ ಹೊಲಿದಿದ್ದರು, ಹೊರಗಿನಿಂದ ದಾರವೇ ಕಾಣದಂತೆ. ಸೂಜಿ ತೆಗೆದ ಮೇಲೆ ತರುಣ ಹೆಜ್ಜೆಯಿಟ್ಟಾಗ ಸೊಂಟದ ನೆರಿಗೆಗಳು ಬಿಚ್ಚಿಕೊಂಡವು, ನಿಂತಾಗ ಮುಚ್ಚಿಕೊಂಡವು.

"ಇದು ತಪ್ಪಿದ್ದಲ್ಲ," ಎಂದರು ಗಂಗಾಧರಪ್ಪನವರು. "ಅಳತಿ ಹಿಡಿದು ಸಡ್ಲ ಬಿಟ್ಟಾರ."

ಉಳಿದ ಆರು ದಿನ ಅವರು ನೋಟ್‌ಬುಕ್ಕಿನಲ್ಲಿ ನೆರಿಗೆಗಳ ಚಿತ್ರ ಬರೆದುಕೊಂಡರು.

ಊರಿಗೆ ಬಂದಾಗ ಹಳೇ ಗಿರಾಕಿ ಕೃಷ್ಣರಾಜರ ಪ್ಯಾಂಟಿನ ಬಟ್ಟೆ ಕಾದಿತ್ತು. ಮೈಸೂರು ಕಡೆಯ ಈ ನಿವೃತ್ತ ಬ್ಯಾಂಕ್ ಅಧಿಕಾರಿ ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದು ಉಸಿರು ಹಿಡಿಯುವವರು. ಪಂಚೆ ಜಾರುತ್ತದೆಂದು ಪೂಜೆಗೂ ಅವರಿಗೆ ಪ್ಯಾಂಟೇ ಆಗಬೇಕು. ಭಾನುವಾರ ಎಗ್ಮೋರಿನ ಹೋಟೆಲೊಂದರಲ್ಲಿ ಮಗನ ನಿಶ್ಚಿತಾರ್ಥ. ಗಂಗಾಧರಪ್ಪನವರು ಯಾರನ್ನೂ ಕೇಳದೆ ಟೋಕಿಯೊ ಅಳತೆಯಲ್ಲಿ ಹೊಲಿದರು.

ಶನಿವಾರ ಸಂಜೆ ಕೃಷ್ಣರಾಜರು ಹಾಕಿ ನೋಡಿದರು. "ಏನ್ ಮಾಸ್ಟ್ರೇ ಇದು? ಇದರೊಳಗೆ ನಾನೆಲ್ಲಿದ್ದೀನಿ ಅಂತ ಹುಡುಕಬೇಕು."

"ಹರಾಜುಕುದಾಗ ಎಲ್ಲಾರೂ ಹಿಂಗ ಹಾಕ್ತಾರ್ರೀ ಸಾರ್."

"ಇರಬಹುದು. ನಾನಿರೋದು ಎಗ್ಮೋರಲ್ಲಿ."

ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಅವರು ಹಳೇ ಪ್ಯಾಂಟನ್ನೇ ಹಾಕುವುದೆಂದು ತೀರ್ಮಾನಿಸಿ ಹೋದರು. ಹೊಸದನ್ನು ಅವರ ಹೆಂಡತಿ ಅಂಬುಜಮ್ಮ, ಯಾತಕ್ಕೂ ಇರಲಿ ಎಂದು ಕಾರಿನಲ್ಲಿಟ್ಟರು.

ಭಾನುವಾರ ಪುರೋಹಿತರು ಮಣೆ ತೋರಿಸಿದರು. ಕೃಷ್ಣರಾಜರು ಕೂರಲು ಬಗ್ಗಿದಾಗ ಹಿಂದೆ ಪರ್ರ್ ಎಂದಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ಗಂಗಾಧರಪ್ಪನವರೂ ಅತಿಥಿಯಾಗಿ ಎರಡನೇ ಸಾಲಿನಲ್ಲಿ ಕೂತಿದ್ದರು. ಆ ಸದ್ದು ಅವರಿಗೆ ಎಲ್ಲಿ ಕೇಳಿದರೂ ಗುರುತು ಸಿಗುತ್ತದೆ. ಅಂಬುಜಮ್ಮ ಗಂಡನ ಹಿಂದೆ ಸೆರಗು ಹಿಡಿದು ಅವರನ್ನು ಕೋಣೆಗೆ ನಡೆಸಿಕೊಂಡು ಹೋದರು.

ಹೊರಬಂದ ಕೃಷ್ಣರಾಜರ ಕಾಲ ಸುತ್ತ ಕಾರಿನಿಂದ ತರಿಸಿದ ಹೊಸ ಪ್ಯಾಂಟು ತೇಲುತ್ತಿತ್ತು. ಯಾರ ಮುಖವನ್ನೂ ನೋಡದೆ ಬಂದು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿದರು. ಏನೂ ಹರಿಯಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಮಂಡಿ ನೆಲ ಮುಟ್ಟಿದ್ದನ್ನು ಅವರೇ ಬಗ್ಗಿ ನೋಡಿಕೊಂಡರು. ಕಾರ್ಯ ಮುಗಿದ ಮೇಲೂ ಏಳಲಿಲ್ಲ. ಊಟಕ್ಕೆ ಕರೆದರೆ, "ಇನ್ನೊಂದು ಸ್ವಲ್ಪ ಕೂತಿರ್ತೀನಿ," ಎಂದರು.

ಹೆಣ್ಣಿನ ತಮ್ಮ ಕೌಶಿಕ್ ಬಂದು, "ಅಂಕಲ್, ಸೂಪರಾ ಇರುಕ್ಕು. ಎಲ್ಲಿ ತಗೊಂಡ್ರಿ?" ಎಂದು ಕೇಳಿದ.

ಕೃಷ್ಣರಾಜರು ಪ್ಯಾಂಟಿನ ನೆರಿಗೆ ಸರಿಮಾಡಿಕೊಂಡು, "ಹರಾಜುಕು," ಎಂದರು.

ಎರಡನೇ ಸಾಲಿನಲ್ಲಿದ್ದ ಗಂಗಾಧರಪ್ಪನವರಿಗೆ ಕಣ್ಣು ತುಂಬಿತು. ಎಲೆಯ ಮುಂದೆ ಕೂತಾಗ ಪಕ್ಕದವರಿಗೆ, ಖಾರ ಜಾಸ್ತಿ ಎಂದು ಹೇಳಿದರು. ಬಡಿಸಿದ್ದು ಇನ್ನೂ ಉಪ್ಪು ಮಾತ್ರ.

ತಿಂಗಳೊಳಗೆ ಮಂಡಿನೋವಿನ ಎಂಟು ಹಿರಿಯರು ಅಂಥ ಪ್ಯಾಂಟು ಹೊಲಿಸಿಕೊಂಡರು. ಹುಡುಗರು ಒಬ್ಬರೂ ಬರಲಿಲ್ಲ. ಅದು ಗಂಗಾಧರಪ್ಪನವರಿಗೆ ಸ್ವಲ್ಪ ಬೇಸರ. ಹುಡುಗರನ್ನು ಸೆಳೆಯಲೆಂದು ತೇಪೆಯ ಕೋಟೊಂದನ್ನು ತಾವೇ ಹೊಲಿದು ಅಗಲ ಪ್ಯಾಂಟಿನ ಮೇಲೆ ತೊಟ್ಟು, ಇನ್ನಷ್ಟು ಹಳೇ ನೀಲಿ ಬಟ್ಟೆ ಹುಡುಕಲು ಭವಾನಿಯೊಂದಿಗೆ ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋದರು.

ಹಳೇ ಬಟ್ಟೆ ಮಾರುವ ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತೇಪೆ ನೋಡಿದಳು, ಅಗಲ ಪ್ಯಾಂಟು ನೋಡಿದಳು. ಏನೂ ಕೇಳದೆ ಗಂಟಿನ ಅಡಿಯಿಂದ ಹರಿಯದ ಒಂದು ಅಂಗಿ ಎಳೆದು, ಮಡಚಿ, ಅವರ ಕೈಗಿಟ್ಟು, "ವೆಚ್ಚುಕೋಂಗ ಅಯ್ಯಾ," ಹಾಗೇ ಇಟ್ಟುಕೊಳ್ಳಿ ಎಂದಳು.

ಗಂಗಾಧರಪ್ಪನವರು ತಮಿಳಿನಲ್ಲಿ ಜಪಾನಿನ ವಿಚಾರ ವಿವರಿಸತೊಡಗಿದರು. ಮುದುಕಿ ಮರುಕದಿಂದ ತಲೆಯಾಡಿಸುತ್ತಾ ಕೇಳಿದಳು. ಭವಾನಿ ಬಟ್ಟೆಯ ಮೂಟೆಯ ಮೇಲೆ ಕೂತುಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದರು.

"ಇಸ್ಕೊಳ್ರೀ," ಎಂದರು ಉಸಿರು ಸಿಕ್ಕ ಮೇಲೆ. "ಆಕಿ ಮನಸು ನೋಯಿಸಬ್ಯಾಡ್ರಿ."